ಹೊತ್ತು ಬರೆಯದ ಕಾರ್ಡು

೨೦೨೪ನೇ ಇಸವಿ ಅಕ್ಟೋಬರ್ ೧೫ನೇ ತಾರೀಖು, ಮಂಗಳವಾರ. ಕ್ರೋಧಿನಾಮ ಸಂವತ್ಸರದ ಆಶ್ವಯುಜ ಶುದ್ಧ ತ್ರಯೋದಶಿ. ಪಂಚಾಂಗದ ಪ್ರಕಾರ ಶರದೃತು. ಆದರೆ ಬೆಂಗಳೂರಿನ ಆಕಾಶ ಪಂಚಾಂಗ ಓದಿರಲಿಲ್ಲ. ಹಿಡಿದ ಮಳೆ ಬೆಳಗ್ಗೆ ಹತ್ತೂವರೆಯಾದರೂ ಬಿಟ್ಟಿರಲಿಲ್ಲ. ಜೋರಾಗಿ ಸುರಿದು ಮುಗಿಸುವ ಮಳೆಯಲ್ಲ, ಬೀಗರ ಮನೆಯಿಂದ ಬಂದ ಮುನಿಸಿನ ಹಾಗೆ ಎಳೆಯುತ್ತಲೇ ಇರುವ ಮಳೆ.

ಆ ಮಳೆಯಲ್ಲಿ ಚಾಮರಾಜಪೇಟೆಯ ವಿಶ್ವಾರಾಧ್ಯರು ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಮನೋವೈದ್ಯರೊಬ್ಬರ ಕ್ಲಿನಿಕ್ಕಿನ ಮುಂದೆ ಕೊಡೆ ಮಡಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಮೆಟ್ಟಿಲು ಹತ್ತಿದರು. ಅದು ಅವರ ಮೂವತ್ತೊಂದನೆಯ ಭೇಟಿ. ಮೊದಲನೆಯದು ೨೦೨೨ರ ಜೂನ್ ೨೮ರಂದು. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ವಾರಕ್ಕೊಂದು ಮಂಗಳವಾರ ಮಾರುಕಟ್ಟೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ಮೂವತ್ತು ಸಲವೂ ಹೀಗೆಯೇ ಎಡಬಲ ನೋಡಿ ಒಳಗೆ ಹೋಗಿದ್ದರು. ಬಸವನಗುಡಿಯಲ್ಲಿ ಮನೋವೈದ್ಯರಿಲ್ಲವೆಂದಲ್ಲ, ಮನೆಯಿಂದ ನಡೆದುಹೋಗುವ ದೂರದಲ್ಲಿ ಮೂವರಿದ್ದರು. ನಡೆದುಹೋಗುವ ದೂರದಲ್ಲಿ ಇದ್ದದ್ದೇ ಆ ಮೂವರ ದೋಷವಾಗಿತ್ತು. ಕ್ಲಿನಿಕ್ಕಿನ ಪುಸ್ತಕದಲ್ಲಿ ಅವರ ವಿಳಾಸ ಓಕಳಿಪುರಂ ಎಂದಿತ್ತು. ಓಕಳಿಪುರಂನಲ್ಲಿ ಅವರಿಗೆ ಒಂದು ಇಟ್ಟಿಗೆಯೂ ಇರಲಿಲ್ಲ.

ಒಳಗೆ ಏಳು ಕುರ್ಚಿಗಳು. ಆರು ತುಂಬಿದ್ದವು. ಏಳನೆಯದರಲ್ಲಿ ಕುಳಿತು, ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ತಲೆಯೆತ್ತಿದರೆ, ಎದುರಿಗೆ ಮಹಾನಂದಮ್ಮ.

ಚಾಮರಾಜಪೇಟೆಯಲ್ಲಿ ಅವರ ಮುದ್ರಣಾಲಯದ ನೇರ ಎದುರಿಗೆ ಗ್ರಂಧಿಗೆ ಅಂಗಡಿ ನಡೆಸುವ ಮಹಾನಂದಮ್ಮ. ವಿಭೂತಿ, ಶಿವದಾರ, ಊದುಬತ್ತಿ, ಕರ್ಪೂರ ಮಾರುವ, ಐವತ್ತಾರು ವರ್ಷದ, ನಾಗಭೂಷಣ್ ಅವರ ಹೆಂಡತಿ. ಹೆಂಡತಿಯೆಂದರೆ, ಹನ್ನೊಂದು ವರ್ಷದಿಂದ ವಿಧವೆ.

ಇಬ್ಬರೂ ನೋಡಿದರು. ಇಬ್ಬರೂ ನೋಡಲಿಲ್ಲವೆಂಬಂತೆ ಕುಳಿತರು. ಇಷ್ಟರಲ್ಲೇ ಮುಗಿದಿದ್ದರೆ ವಿಶ್ವಾರಾಧ್ಯರು ಮನೆಗೆ ಹೋಗಿ, ತಮ್ಮಂತೆಯೇ ಇರುವ ಬೇರೆ ಯಾರನ್ನೋ ಆಕೆ ಕಂಡಳೆಂದು ನಂಬಿಸುವ ಉಪಾಯವನ್ನಾದರೂ ಹುಡುಕುತ್ತಿದ್ದರು. ಆದರೆ ಚೀಟಿ ಕರೆಯುವ ಹೆಂಗಸಿನ ಗಂಟಲು ದೊಡ್ಡದು.

"ಓಕಳಿಪುರಂ ವಿಶ್ವಾರಾಧ್ಯ! ಓಕಳಿಪುರಂ ವಿಶ್ವಾರಾಧ್ಯ ಯಾರ್ರೀ?"

ಮಹಾನಂದಮ್ಮ ತಲೆಯೆತ್ತಿದರು. ಮೂವತ್ತು ವರ್ಷ ಎದುರು ಬಾಗಿಲಿನಲ್ಲಿದ್ದವರು ಓಕಳಿಪುರಂನವರಾದದ್ದು ಯಾವಾಗ ಎಂದು ಅವರು ಕೇಳಲಿಲ್ಲ. ತುಟಿಯ ಎಡ ಅಂಚು ಮಾತ್ರ ಒಂದು ಎಳೆಯಷ್ಟು ಅಲುಗಿತು. ವೈದ್ಯರನ್ನು ಕಂಡು ವಿಶ್ವಾರಾಧ್ಯರು ಹೊರಗೆ ಬರುವಾಗ ಅದೇ ಗಂಟಲು ಮತ್ತೆ ಕೂಗಿತು: "ನಿಮಗೂ ಈ ಅಮ್ಮನಿಗೂ ಇಬ್ಬರಿಗೂ ನವೆಂಬರ್ ಹನ್ನೆರಡು. ಮರೀಬೇಡಿ!"

ತುಟಿ ಅಲುಗಿದ್ದು ನಗುವೋ, ಕನಿಕರವೋ, "ಸಿಕ್ಕಿಬಿದ್ದೆಯಲ್ಲ" ಎಂಬ ಮಾತೋ? ಈ ಪ್ರಶ್ನೆಯನ್ನು ಹೊತ್ತುಕೊಂಡು ವಿಶ್ವಾರಾಧ್ಯರು ಮಳೆಯಲ್ಲಿ ಹಿಂದಿರುಗಿದರು. ಅದು ನಗುವೇ ಆಗಿದ್ದರೆ ಆಕೆಗೆ ಅದರ ಹಕ್ಕಿತ್ತು. ಅವರ ಅಂಜಿಕೆಯ ಬೇರು ಇದ್ದದ್ದು ಅಲ್ಲಿಯೇ.

ವಿಶ್ವಾರಾಧ್ಯರ ತಂದೆ ೧೯೫೮ರಲ್ಲಿ ಆರಂಭಿಸಿದ ಆ ಮುದ್ರಣಾಲಯದಲ್ಲಿ ಮದುವೆಯ ಕರೆಯೋಲೆಗಳು ಅಚ್ಚಾಗುತ್ತಿದ್ದುದು ಕಡಿಮೆ. ಅದರ ಹೆಸರು ಬೇರೆಯದಕ್ಕೆ. ಚಾಮರಾಜಪೇಟೆ, ಬಸವನಗುಡಿ, ಚಿಕ್ಕಪೇಟೆಯ ವೀರಶೈವ ಮನೆಗಳಲ್ಲಿ ಯಾರಾದರೂ ಲಿಂಗೈಕ್ಯರಾದರೆ ಹನ್ನೊಂದನೆಯ ದಿನ ಶಿವಗಣಾರಾಧನೆ ನಡೆಯುತ್ತದೆ. ಬಂಧುಗಳನ್ನು ಅದಕ್ಕೆ ಕರೆಯುವ ಕಾರ್ಡು ಅಚ್ಚಾಗುತ್ತಿದ್ದುದು ಇಲ್ಲಿ. "ಮನುಷ್ಯ ಬಂದ ಹೊತ್ತು ಜಾತಕದಲ್ಲಿರುತ್ತೆ, ಹೋದ ಹೊತ್ತು ನಮ್ಮ ಕಾರ್ಡಿನಲ್ಲಿರಬೇಕು" ಎಂಬುದು ತಂದೆಯ ಕಟ್ಟಳೆ. ತಾರೀಖು, ವಾರ, ತಿಥಿ, ಹೊತ್ತು ಈ ನಾಲ್ಕಿಲ್ಲದೆ ವಿಶ್ವಾರಾಧ್ಯರು ಒಂದು ಅಕ್ಷರವನ್ನೂ ಜೋಡಿಸುತ್ತಿರಲಿಲ್ಲ. ದುಃಖದಲ್ಲಿ ಬಂದವರನ್ನೂ "ಐದೂ ನಲವತ್ತೋ, ಐದೂ ನಲವತ್ತೈದೋ?" ಎಂದು ಕೇಳಿಯೇ ಕೇಳುತ್ತಿದ್ದರು. ಇಷ್ಟು ವರ್ಷ ಆ ಮೇಜಿನ ಹಿಂದೆ ಕುಳಿತವರಿಗೆ ಮನೆಯವರು ಏನನ್ನು ನುಂಗಿಕೊಂಡು ಮಾತಾಡುತ್ತಿದ್ದಾರೆಂಬುದು ತಾನಾಗಿ ತಿಳಿಯುತ್ತಿತ್ತು. ಅಥವಾ ತಿಳಿಯುತ್ತದೆಂದು ಅವರು ನಂಬಿದ್ದರು.

೨೦೧೩ರ ನವೆಂಬರ್ ೨೫, ಸೋಮವಾರ, ಮಹಾನಂದಮ್ಮ ಆ ಮೇಜಿನ ಮುಂದೆ ನಿಂತಿದ್ದರು. ನಾಗಭೂಷಣ್ ಹೋದದ್ದು ೨೧ರ ಗುರುವಾರ.

"ಹೊತ್ತು?" ಎಂದರು ವಿಶ್ವಾರಾಧ್ಯರು.

"ಹೊತ್ತು ಬೇಡ ಬಿಡಿ, ವಿಶ್ವಣ್ಣ."

"ಬೇಡ ಅಂದ್ರೆ ಹೆಂಗಮ್ಮ? ಬೆಳಗ್ಗೆನೋ ಸಂಜೆನೋ ಅಂತಾದ್ರೂ ಗೊತ್ತಿರ್ಬೇಕಲ್ಲ."

"ಗೊತ್ತಿಲ್ಲ."

ಗಂಡ ಹೋದ ಹೊತ್ತು ಹೆಂಡತಿಗೆ ಗೊತ್ತಿಲ್ಲ. ಪೊಲೀಸಿನವರು ಬಂದು ಹೋಗಿದ್ದರು. ದೇಹ ಮನೆಗೆ ಬಂದದ್ದು ಆಸ್ಪತ್ರೆಯಿಂದ, ಮಧ್ಯಾಹ್ನ ಕಳೆದ ಮೇಲೆ. ವಿಶ್ವಾರಾಧ್ಯರು ಎರಡಕ್ಕೆ ಎರಡು ಕೂಡಿಸಿದರು: ಇದು ತಾನಾಗಿ ಬಂದ ಸಾವಲ್ಲ, ತಂದುಕೊಂಡದ್ದು. ಕಾರ್ಡನ್ನೇನೋ ಹೊತ್ತಿಲ್ಲದೆ ಅಚ್ಚು ಮಾಡಿಕೊಟ್ಟರು. ಆದರೆ ಅದೇ ಸಂಜೆ ಅಂಜನಪ್ಪನ ಕಾಫಿ ಹೋಟೆಲಿನಲ್ಲಿ ಲೋಟ ಕೆಳಗಿಡುತ್ತಾ ಹೇಳಿದರು: "ಅದು ಹೊತ್ತಿಲ್ಲದ ಸಾವು ಕಣಯ್ಯ, ಅಂಜನಪ್ಪ. ಮಿಕ್ಕಿದ್ದು ನೀನೇ ಅರ್ಥ ಮಾಡ್ಕೋ."

ಅಂಜನಪ್ಪ ಅರ್ಥ ಮಾಡಿಕೊಂಡ. ಬೀದಿಗೂ ಅರ್ಥ ಮಾಡಿಸಿದ. ಇನ್ನೂರು ಕಾರ್ಡು ಹಂಚಿದ ಶಿವಗಣಾರಾಧನೆಗೆ ಬಂದವರು ಇಪ್ಪತ್ತೆಂಟು ಜನ. ಬರಬೇಕಾಗಿದ್ದ ಅಯ್ಯನವರಿಗೆ ಅಂದೇ ಜ್ವರ ಬಂತು. "ಆ ಕೈಯಿಂದ ವಿಭೂತಿ ಯಾಕೆ?" ಎಂದು ಹೆಂಗಸರು ಅವೆನ್ಯೂ ರಸ್ತೆಯವರೆಗೆ ನಡೆದುಹೋಗಿ ಕೊಂಡುತಂದರು. ವಿಶ್ವಾರಾಧ್ಯರೂ ಅಲ್ಲಿಂದಲೇ ತರಿಸಿದರು. ಮಹಾನಂದಮ್ಮನ ಮಗಳು ಮಾನ್ಯಳಿಗೆ ಕೂಡಿಬಂದಿದ್ದ ಸಂಬಂಧ ೨೦೨೦ರ ಫೆಬ್ರವರಿ ೯ರಂದು ಮುರಿಯಿತು. ವಿಚಾರಿಸಲು ಬಂದಿದ್ದ ಹಿರಿಯರಿಗೆ ಬೀದಿಯಲ್ಲಿ ಯಾರೋ "ಹೊತ್ತಿಲ್ಲದ ಸಾವಿನ ಮನೆ" ಎಂದಿದ್ದರು. ಆ ಸುದ್ದಿಯನ್ನು ತಂದವನು ವಿಶ್ವಾರಾಧ್ಯರ ಮಾತನ್ನು ವಿಶ್ವಾರಾಧ್ಯರಿಗೇ ಹೊಸದೆಂಬಂತೆ ಹೇಳಿದ. ಅವರು "ಹೌದೇ?" ಎಂದರು. ನಾನು ಸುಳ್ಳೇನೂ ಹೇಳಲಿಲ್ಲ ಎಂದು ಒಳಗೊಳಗೇ ಅಂದುಕೊಂಡರು. ಮಾನ್ಯ ಮೈಸೂರಿನ ಬ್ಯಾಂಕೊಂದರ ಕೆಲಸ ಹಿಡಿದು ಹೊರಟುಹೋದಳು.

ಆಮೇಲೆ ಒಂದು ದಿನ ನಾಗಭೂಷಣ್ ಅವರನ್ನು ಕೊಂಡೊಯ್ದ ಖಿನ್ನತೆಯ ಕಾಯಿಲೆಯೇ ವಿಶ್ವಾರಾಧ್ಯರ ಮನೆಯ ಹೊಸ್ತಿಲನ್ನೂ ದಾಟಿತು. ಯಾವ ದಿನ? ಅದೇ ಗೊತ್ತಿಲ್ಲ. ಹೆಂಡತಿ ತೀರಿಕೊಂಡದ್ದು ೨೦೧೭ರಲ್ಲಿ. ಆಗ ಅತ್ತು ಸಮಾಧಾನ ಮಾಡಿಕೊಂಡಿದ್ದರು. ಇದು ಅದಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಸ್ನಾನಕ್ಕೆ ಏಳಬೇಕೆಂದು ನಿರ್ಧರಿಸಲು ಒಂದು ಗಂಟೆ. ಕರಡು ತಿದ್ದುವಾಗ ಒಂದೇ ಸಾಲನ್ನು ಆರು ಸಲ ಓದಿದರೂ ತಲೆಗೆ ಹೋಗದು. ಅನ್ನ ಕಾಗದ ಅಗಿದಂತೆ. ಇವೆಲ್ಲಕ್ಕೂ ಹಿಂದೆ, ತಾನಿಲ್ಲದಿದ್ದರೆ ಮಗಳ ಭಾರ ಇಳಿದೀತೆಂಬ ಒಂದು ಸಣ್ಣ ಮಾತು, ಹಿತವಚನದ ವೇಷ ಹಾಕಿಕೊಂಡು ಬರುತ್ತಿತ್ತು. ಮೊದಲ ದಿನ ವೈದ್ಯರು "ಯಾವಾಗಿನಿಂದ ಹೀಗೆ?" ಎಂದು ಕೇಳಿದಾಗ, ಜಗತ್ತನ್ನೆಲ್ಲ ತಾರೀಖು ಕೇಳಿದ ಮನುಷ್ಯ ಬಾಯಿ ತೆರೆದು ಹಾಗೆಯೇ ಕುಳಿತಿದ್ದರು. "ಸಾಯಬೇಕು ಅಂತ ಅನ್ಸಿದ್ಯಾ?" ಎಂಬುದಕ್ಕೆ ಆ ದಿನ "ಛೆ, ಛೆ" ಎಂದವರು ಮೂರನೆಯ ಭೇಟಿಯಲ್ಲಿ "ಹೌದು" ಎಂದರು. "ಹೇಳಿದ್ದು ಒಳ್ಳೇದಾಯ್ತು. ಮತ್ತೆ ಬಂದ್ರೆ ಯಾವ ಹೊತ್ತಾದ್ರೂ ಫೋನ್ ಮಾಡಿ" ಎಂದಿದ್ದರು ವೈದ್ಯರು. ಮಾತ್ರೆ ನಿಧಾನವಾಗಿ ಹಿಡಿಯಿತು. ಸಾಲುಗಳು ಮತ್ತೆ ಸಾಲುಗಳಾದವು.

ಮಾತ್ರೆಗಳನ್ನು ಅವರು ಇಟ್ಟಿದ್ದುದು ಮುದ್ರಣಾಲಯದ ಮೂಲೆಯಲ್ಲಿ ಉಳಿದುಕೊಂಡಿದ್ದ ಹಳೆಯ ಸೀಸದ ಅಚ್ಚುಮೊಳೆಗಳ ಪೆಟ್ಟಿಗೆಯಲ್ಲಿ. ಅದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಙ ಅಕ್ಷರದ ಮನೆಗೆ ಅರವತ್ತು ವರ್ಷದಲ್ಲಿ ಯಾರೂ ಕೈಹಾಕಿದ್ದಿಲ್ಲ. ಅಲ್ಲಿ.

ಈಗ ಮಗಳು ಶರಣ್ಯಳಿಗೆ ಸಂಬಂಧ ಕೂಡಿಬಂದಿತ್ತು. ಇಪ್ಪತ್ತೆಂಟು ವರ್ಷದವಳು, ಬಸವನಗುಡಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನಿಶ್ಚಿತಾರ್ಥ ಡಿಸೆಂಬರ್ ೮, ಭಾನುವಾರ. ಅದಕ್ಕೆ ಮುಂಚೆ ಹುಡುಗನ ಸೋದರಮಾವ, ಚಿಕ್ಕಪೇಟೆಯ ಜವಳಿ ವ್ಯಾಪಾರಿ ಪರಮಶಿವಯ್ಯ, ಒಂದು ದಿನ ಬೀದಿಗೆ ಬಂದು ನಾಲ್ಕು ಮನೆ ವಿಚಾರಿಸುವರೆಂದು ತಿಳಿದಿತ್ತು. ಅದು ಎಲ್ಲ ಕಡೆಯ ಪದ್ಧತಿ. ಮಹಾನಂದಮ್ಮನ ಬಾಯಿಂದ ಒಂದು ಮಾತು ಬಿದ್ದರೆ ಸಾಕು, ಮಾನ್ಯಳ ಸಂಬಂಧ ಮುರಿದ ಹಾಗೆಯೇ ಶರಣ್ಯಳದೂ ಮುರಿಯುತ್ತಿತ್ತು. ಆಕೆ ಯಾಕೆ ಬಿಟ್ಟಾಳು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ವಿಶ್ವಾರಾಧ್ಯರದಾಯಿತು. ಮೇಜನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡರು. ಅಕ್ಟೋಬರ್ ೧೮, ಶುಕ್ರವಾರ, ಬೆಳಗ್ಗೆ ೧೦-೫೦ಕ್ಕೆ ಆಕೆ ಅಂಜನಪ್ಪನೊಡನೆ ನಾಲ್ಕು ನಿಮಿಷ ಮಾತಾಡಿದಳು; ಆತ ಒಮ್ಮೆ ಈ ಕಡೆ ತಿರುಗಿ ನೋಡಿದ. ೨೩ರ ಬುಧವಾರ ಯಾರೋ ಕಾರಿನಲ್ಲಿ ಬಂದವರಿಗೆ ಈ ಕಡೆ ಕೈ ತೋರಿಸಿದಳು. ವಿಳಾಸ ಹೇಳುತ್ತಿದ್ದಿರಬಹುದು. ಇಲ್ಲದೆಯೂ ಇರಬಹುದು. ಆಕೆ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಏನು ಲೆಕ್ಕ ಹಾಕುತ್ತಿದ್ದಾಳೆ? ದಿನಚರಿಯಲ್ಲಿ ಇಷ್ಟನ್ನೂ ಗಂಟೆ ಸಮೇತ ಬರೆದರು.

ನವೆಂಬರ್ ೨, ಬಲಿಪಾಡ್ಯಮಿಯ ದಿನ ಶರಣ್ಯ ಒಂದು ತಟ್ಟೆ ಹಿಡಿದುಕೊಂಡು ಬಂದಳು. ಅದರಲ್ಲಿ ಆರು ಕಡುಬು, ಒಂದು ವಿಭೂತಿ ಗಟ್ಟಿ.

"ಮಹಾನಂದ ಆಂಟಿ ಕೊಟ್ರು, ಅಪ್ಪ. ನಿಮ್ಮಪ್ಪ ಚೆನ್ನಾಗಿದಾರಾ ಅಂದ್ರು."

"ಏನಂದ್ರು? ಸರಿಯಾಗಿ ಹೇಳು. ‘ಚೆನ್ನಾಗಿದಾರಾ’ ಅಂದ್ರಾ, ‘ಈಗ ಚೆನ್ನಾಗಿದಾರಾ’ ಅಂದ್ರಾ?"

"ಅಯ್ಯೋ, ಅದೇನು ಪ್ರೂಫ್ ಕರೆಕ್ಷನ್ನಾ? ಚೆನ್ನಾಗಿದಾರಾ ಅಂದ್ರು ಅಷ್ಟೇ."

"ಯಾವ ಥರ ಅಂದ್ರು?"

"ಬಾಯಲ್ಲಿ ಅಂದ್ರು, ಅಪ್ಪ!" ಎಂದು ಶರಣ್ಯ ಒಂದು ಕಡುಬನ್ನು ಬಾಯಿಗೆ ಹಾಕಿಕೊಂಡು ಒಳಗೆ ಹೋದಳು. ಹನ್ನೊಂದು ವರ್ಷ ಏನೂ ಕೊಡದವಳು ಇದೇ ವರ್ಷ ವಿಭೂತಿ ಯಾಕೆ ಕಳಿಸಿದಳು ಎಂದು ವಿಶ್ವಾರಾಧ್ಯರು ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಡುಬನ್ನು ಮುಟ್ಟಲಿಲ್ಲ.

ನವೆಂಬರ್ ೧೨ರ ಮಂಗಳವಾರ ಬಂತು. ಕೊಡೆ ಹಿಡಿದು ಮೂಲೆಯವರೆಗೆ ಹೋದವರು, ಮುಂದೆ ಮಹಾನಂದಮ್ಮ ಮೆಟ್ರೋ ಕಡೆ ನಡೆಯುತ್ತಿರುವುದನ್ನು ಕಂಡು ಹಿಂದಿರುಗಿದರು. ಙ ಅಕ್ಷರದ ಮನೆಯಲ್ಲಿದ್ದ ಕೊನೆಯ ಮಾತ್ರೆ ಆ ದಿನವೇ ಮುಗಿಯಿತು. ಮರುದಿನದಿಂದ ತಲೆ ಸುತ್ತು, ನಿದ್ರೆಯಿಲ್ಲ. ಅದರ ಹಿಂದೆಯೇ ಆ ಹಳೆಯ ಹಿತವಚನ ಬಂದು ಬಾಗಿಲಲ್ಲಿ ನಿಂತಿತು. ಈ ಸಲ ಅದರ ಕೈಯಲ್ಲಿ ಹೊಸ ವಾದವೊಂದಿತ್ತು: ನೀನಿಲ್ಲದಿದ್ದರೆ ಹೇಳಲು ಏನಿರುತ್ತದೆ? ಇದು ಕಾಯಿಲೆಯ ಮಾತೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಫೋನ್ ಎತ್ತಲಿಲ್ಲ.

೧೪ರ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಮಹಾನಂದಮ್ಮ ರಸ್ತೆ ದಾಟಿ ಬಂದು ಮೇಜಿನ ಮುಂದೆ ನಿಂತರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ನಮ್ಮೋರ ಸ್ಮರಣೆ ಇಪ್ಪತ್ತೊಂದಕ್ಕೆ. ಈ ವರ್ಷ ಗುರುವಾರಾನೇ ಬಂದಿದೆ."

"೨೦೧೯ರಲ್ಲೂ ಗುರುವಾರವೇ ಬಂದಿತ್ತು" ಎಂದರು ವಿಶ್ವಾರಾಧ್ಯರು, ತಡೆಯಲಾರದೆ.

"ನೀವು ಮರೀತೀರಾ? ತಗೊಳ್ಳಿ. ಇನ್ನೂರು ಕಾರ್ಡು ಬೇಕು."

ನೋಟ್‌ಪುಸ್ತಕದ ಹಾಳೆಯಲ್ಲಿ ದುಂಡನೆಯ ಅಕ್ಷರ: ‘ನನ್ನ ಪತಿಯವರಾದ ನಾಗಭೂಷಣ್ ಅವರು ಖಿನ್ನತೆಯ ಕಾಯಿಲೆಯಿಂದ ನರಳಿ ದಿನಾಂಕ ೨೧-೧೧-೨೦೧೩ರಂದು ಲಿಂಗೈಕ್ಯರಾದರು. ಹೊತ್ತು ತಿಳಿದವರಿಲ್ಲ. ಅವರ ಹನ್ನೊಂದನೆಯ ವರ್ಷದ ಸ್ಮರಣೆಗೆ ದಯವಿಟ್ಟು ಬನ್ನಿ.’

ವಿಶ್ವಾರಾಧ್ಯರು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. "ಹೀಗೆ ಹಾಕೋ ಕ್ರಮ ಇಲ್ಲ."

"ಹೋದ ತಿಂಗಳು ಬಟ್ಟೆ ಅಂಗಡಿಯೋರ ಕಾರ್ಡಿಗೆ ‘ದೀರ್ಘಕಾಲದ ಮಧುಮೇಹದಿಂದ’ ಅಂತ ಹಾಕಿದ್ರಿ. ಓದಿದೀನಿ ನಾನು."

"ಅದು ಬೇರೆ."

"ಏನು ಬೇರೆ?"

ಮಹಾನಂದಮ್ಮ ಹಾಳೆಯನ್ನು ಮತ್ತೆ ಅವರ ಕಡೆಗೆ ಸರಿಸಿದರು. ಬಾಗಿಲಿನವರೆಗೆ ಹೋದವರು ನಿಂತು ತಿರುಗಿದರು.

"ಮಂಗಳವಾರ ಬರ್ಲಿಲ್ಲ ನೀವು."

"ಯಾವ ಮಂಗಳವಾರ?"

"ಓಕಳಿಪುರಂನೋರಿಗೆ ಹನ್ನೆರಡನೇ ತಾರೀಖು ಕೊಟ್ಟಿದ್ರಲ್ಲ, ಆ ಮಂಗಳವಾರ. ಮಾತ್ರೆ ಇದ್ಯಾ ಮನೇಲಿ?"

"ಮೆಲ್ಲಗೆ ಮಾತಾಡಿ, ತಾಯಿ!"

ಆಕೆ ಹೊರಟುಹೋದರು. ವಿಶ್ವಾರಾಧ್ಯರಿಗೆ ಎಲ್ಲವೂ ಸ್ಪಷ್ಟವಾದಂತೆ ಕಂಡಿತು. ಇದು ಬೆದರಿಕೆ. ಕಾರ್ಡು ಅಚ್ಚು ಮಾಡು, ಇಲ್ಲವೇ ಮಂಗಳವಾರದ ಸುದ್ದಿ ಹೊರಗೆ. ಅಚ್ಚು ಮಾಡಿದರೂ ಬೀದಿ ಕೇಳುತ್ತದೆ: ವಿಶ್ವಾರಾಧ್ಯ ಇಂಥದ್ದನ್ನು ಯಾಕೆ ಹಾಕಿದ? ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟರು. ಮೂರು ದಿನ ಅದು ಅಲ್ಲಿಂದಲೇ ಅವರನ್ನು ನೋಡುತ್ತಿತ್ತು.

ನವೆಂಬರ್ ೧೭, ಭಾನುವಾರ. ಪರಮಶಿವಯ್ಯ ಬರುವ ದಿನವೆಂದು ತಿಳಿದಿದ್ದರಿಂದ ರಜೆಯ ದಿನವೂ ಮುದ್ರಣಾಲಯದ ಬಾಗಿಲು ತೆರೆದು, ದಿನಪತ್ರಿಕೆಯನ್ನು ಮುಖದ ಮುಂದೆ ಹಿಡಿದು ವಿಶ್ವಾರಾಧ್ಯರು ಕುಳಿತಿದ್ದರು. ೧೧-೧೦ಕ್ಕೆ ಬಿಳಿ ಜುಬ್ಬದ ಮನುಷ್ಯ ಬೀದಿಯ ಮೂಲೆಯಲ್ಲಿ ಕಾಣಿಸಿಕೊಂಡ. ನೇರವಾಗಿ ಹೋದದ್ದು ಗ್ರಂಧಿಗೆ ಅಂಗಡಿಗೆ. ಮಹಾನಂದಮ್ಮ ಸ್ಟೂಲು ಹಾಕಿದರು. ಮಜ್ಜಿಗೆ ತಂದುಕೊಟ್ಟರು. ೧೧-೨೨ಕ್ಕೆ ಇಬ್ಬರೂ ನಕ್ಕರು. ೧೧-೩೦ಕ್ಕೆ ಆಕೆ ಕೈಯೆತ್ತಿ ಈ ಕಡೆ ತೋರಿಸಿದರು. ಈ ಸಲ ಸಂದೇಹಕ್ಕೆ ಎಡೆಯಿರಲಿಲ್ಲ. ೧೧-೩೫ಕ್ಕೆ ಪರಮಶಿವಯ್ಯ ಎದ್ದು ರಸ್ತೆ ದಾಟಿದರು.

"ಶರಣು, ಶರಣು! ಭಾನುವಾರಾನೂ ತೆಗ್ದಿದೀರಾ?"

"ಸ್ವಲ್ಪ ಕೆಲಸ ಇತ್ತು. ಬನ್ನಿ, ಕೂತ್ಕೊಳ್ಳಿ."

"ಎದುರುಗಡೆ ಅಮ್ಮನೋರ ಹತ್ರ ಕೂತಿದ್ದೆ. ನೋಡಿರ್ತೀರಿ ಬಿಡಿ. ಇಪ್ಪತ್ತೈದು ನಿಮಿಷದಿಂದ ಪೇಪರ್ ಒಂದು ಪುಟಾನೂ ತಿರುಗ್ಸಿಲ್ಲ ನೀವು." ಪರಮಶಿವಯ್ಯ ಹೊಟ್ಟೆ ಕುಲುಕಿಸಿ ನಕ್ಕರು.

ವಿಶ್ವಾರಾಧ್ಯರು ನಗಲಿಲ್ಲ. "ಏನಂದ್ರು?"

"ಅದೇ ತಮಾಷೆ ನೋಡಿ. ಮೂವತ್ತು ವರ್ಷ ಪೇಟೇಲಿ ವ್ಯಾಪಾರ ಮಾಡಿದೀನಿ, ಇಷ್ಟು ಬಿಗಿ ಬಾಯಿ ನೋಡಿಲ್ಲ. ಹುಡುಗಿ ಹೆಂಗೆ ಅಂದೆ. ಚಿನ್ನದಂಥ ಹುಡುಗಿ, ನನ್ನ ಕಣ್ಮುಂದೆ ಬೆಳೆದೋಳು ಅಂದ್ರು. ಅಪ್ಪ ಹೆಂಗೆ, ಮನೇಲಿ ಏನಾದ್ರೂ ಕಾಯಿಲೆ ಕಸಾಲೆ ಉಂಟಾ ಅಂದೆ. ‘ಅದನ್ನ ಎದುರುಮನೆಯೋರ ಹತ್ರ ಕೇಳ್ಬಾರ್ದು ಸ್ವಾಮಿ. ನಮ್ಮನೆ ವಿಷ್ಯ ಹಂಗೇ ಕೇಳಿ ಕೆಡಿಸಿದ್ರು. ಅಗೋ, ಅಲ್ಲೇ ಕೂತಿದಾರೆ, ಅವ್ರನ್ನೇ ಕೇಳಿ. ತಾರೀಖಿನ ಮನುಷ್ಯ, ತಪ್ಪು ಹೇಳಲ್ಲ’ ಅಂದ್ರು. ಅದಕ್ಕೆ ಬಂದೆ. ತಪ್ಪು ತಿಳ್ಕೋಬೇಡಿ, ಹಿರಿಯರು ಅಂದ್ಮೇಲೆ ಕೇಳ್ಬೇಕಾಗುತ್ತೆ. ಏನಾದ್ರೂ ಉಂಟಾ?"

ವಿಶ್ವಾರಾಧ್ಯರ ನಾಲಿಗೆಯ ತುದಿಯಲ್ಲಿ "ಏನಿಲ್ಲ, ಸ್ವಲ್ಪ ಬಿ.ಪಿ." ಎಂಬ ಮಾತು ಸಿದ್ಧವಾಗಿತ್ತು, ಒಂದು ತಿಂಗಳಿಂದ ಅದನ್ನು ಅಭ್ಯಾಸ ಮಾಡಿದ್ದರು. ಆಕೆ ಹೇಳಿರಲಿಲ್ಲ. ಹೇಳುವ ಹಕ್ಕಿದ್ದವಳು, ಹೇಳಿದ್ದರೆ ಯಾರೂ ತಪ್ಪೆನ್ನಲಾರದವಳು, ಮಜ್ಜಿಗೆ ಕೊಟ್ಟು ಕಳುಹಿಸಿದ್ದಳು. ಮುಚ್ಚಿಟ್ಟರೆ ನಿಶ್ಚಿತಾರ್ಥ ನಡೆಯುತ್ತದೆ. ಆಮೇಲೆ ಜೀವಮಾನವೆಲ್ಲ ಎಡಬಲ ನೋಡಿಕೊಂಡು ಮೆಟ್ಟಿಲು ಹತ್ತಬೇಕು, ಜೊತೆಗೆ ಶರಣ್ಯಳೂ. ಐದು ದಿನ ನಿದ್ರೆಯಿಲ್ಲದ ದೇಹಕ್ಕೆ ಇನ್ನೊಂದು ಸುಳ್ಳನ್ನು ಎತ್ತಿ ನಿಲ್ಲಿಸುವ ಶಕ್ತಿಯೂ ಇರಲಿಲ್ಲ.

"ಉಂಟು" ಎಂದರು. "೨೦೨೨ನೇ ಇಸವಿ ಜೂನ್ ೨೮ರಿಂದ ಮನೋವೈದ್ಯರ ಹತ್ರ ಹೋಗ್ತಿದೀನಿ. ಖಿನ್ನತೆ. ಶುರುವಾದದ್ದು ಯಾವತ್ತು ಅಂತ ಮಾತ್ರ... ಗೊತ್ತಿಲ್ಲ."

ಪರಮಶಿವಯ್ಯನ ನಗು ಎಲ್ಲಿತ್ತೋ ಅಲ್ಲಿಯೇ ಉಳಿಯಿತು. "ಅಂದ್ರೆ... ತಲೆ ಏನಾದ್ರೂ..."

"ತಲೆ ಸರಿಯಾಗಿದೆ. ಇದು ಕಾಯಿಲೆ. ಮಾತ್ರೆ ತಗೊಂಡ್ರೆ ಹಿಡಿತದಲ್ಲಿರುತ್ತೆ."

"ಮನೆತನದಲ್ಲಿ ಯಾರಾದ್ರೂ ಹಂಗೆ... ತಾವಾಗೇ..."

"ಯಾರೂ ಇಲ್ಲ. ನನಗೆ ಹಾಗೆ ಅನ್ಸಿದ್ದುಂಟು. ಡಾಕ್ಟರಿಗೆ ಹೇಳಿದೀನಿ. ಈಗ ನಿಮಗೂ ಹೇಳ್ದೆ."

ಪರಮಶಿವಯ್ಯ ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡರು. "ಆಯ್ತು ಬುದ್ಧಿ. ಮನೇಲಿ ಮಾತಾಡಿ ತಿಳಿಸ್ತೀವಿ" ಎಂದರು. ಹೊಸ್ತಿಲಲ್ಲಿ ಚಪ್ಪಲಿ ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವರು ಮೂಲೆ ತಿರುಗಿದ ಮೇಲೆ ವಿಶ್ವಾರಾಧ್ಯರು ರಸ್ತೆ ದಾಟಿದರು. ಹದಿನಾಲ್ಕು ಹೆಜ್ಜೆ.

"ಹೇಳ್ಬಿಟ್ಟೆ."

"ಏನು?"

"ಇದ್ದದ್ದು."

ಮಹಾನಂದಮ್ಮ ಕೈಯಲ್ಲಿದ್ದ ಶಿವದಾರದ ಉಂಡೆಯನ್ನು ಕೆಳಗಿಟ್ಟರು. "ನಾನು ಹೋಗಿ ಕೇಳಿ ಅಂದದ್ದು ತಪ್ಪಾಯ್ತೇನೋ. ನೀವು ಬಿ.ಪಿ. ಅಂತೀರಿ ಅಂದ್ಕೊಂಡಿದ್ದೆ."

"ಗುರುವಾರ ನೀವು ಬೆದರಿಸೋಕೆ ಬಂದದ್ದು ಅಂದ್ಕೊಂಡಿದ್ದೆ ನಾನು."

"ಬೆದರ್ಸೋಕಾ? ಅಯ್ಯೋ ಶಿವನೇ!" ಆಕೆ ಅವರನ್ನು ದಿಟ್ಟಿಸಿ ನೋಡಿದರು. "ನಮ್ಮೋರು ಹೋಗೋಕೆ ಮುಂಚೆ ಎರಡು ಸಲ ಡಾಕ್ಟರ ಹತ್ರ ಹೋಗೋದು ತಪ್ಪಿಸಿದ್ರು. ಅಂಗಡೀಲಿ ಕೆಲಸ ಅಂದ್ರು, ನಾನೂ ಹೂಂ ಅಂದೆ. ಯಾಕೆ ಬರ್ಲಿಲ್ಲ ಅಂತ ಒಬ್ರೂ ಬಂದು ಕೇಳ್ಲಿಲ್ಲ, ವಿಶ್ವಣ್ಣ. ಹನ್ನೆರಡಕ್ಕೆ ನಿಮ್ಮ ಕುರ್ಚಿ ಖಾಲಿ ಇತ್ತು. ಎರಡು ದಿನ ಅಂಗಡೀಲಿ ಕೂರೋಕೆ ಆಗ್ಲಿಲ್ಲ ನಂಗೆ. ಕಾರ್ಡಿನ ನೆಪ ಮಾಡ್ಕೊಂಡು ಬಂದೆ."

ವಿಶ್ವಾರಾಧ್ಯರು ಗಲ್ಲಾದ ಕಟ್ಟೆ ಹಿಡಿದುಕೊಂಡರು. "ಆ ಮಾತು... ‘ಹೊತ್ತಿಲ್ಲದ ಸಾವು’ ಅನ್ನೋದು... ಅದನ್ನ ಮೊದಲು ಆಡಿದ್ದು ನಾನು. ೨೦೧೩ ನವೆಂಬರ್ ೨೫, ಸೋಮವಾರ, ಸಂಜೆ ಆರೂಕಾಲಿಗೆ, ಅಂಜನಪ್ಪನ ಹೋಟ್ಲಲ್ಲಿ."

"ಗೊತ್ತು. ಅವತ್ತು ಏಳು ಗಂಟೆಗೇ ಗೊತ್ತಾಯ್ತು. ಟೈಮ್ ಸಮೇತ ಒಪ್ಪಿಸ್ಬೇಕಿತ್ತಾ?"

"ತಪ್ಪಾಯ್ತು, ತಾಯಿ."

"ಆಯ್ತು ಅಂತ ನಾನು ಹೇಳೋಕಾಗಲ್ಲ. ಅರ್ಧ ಪಾಲು ಮಾನ್ಯಂದು. ಅವಳನ್ನ ಕೇಳ್ಬೇಕು ನೀವು." ವ್ಯಾಪಾರದ ದನಿಯಲ್ಲಿ ಮುಂದುವರಿದರು: "ಈಗ್ಲೇ ಡಾಕ್ಟರಿಗೆ ಫೋನ್ ಮಾಡಿ. ಇಲ್ಲೇ ಕೂತ್ಕೊಂಡು, ನನ್ನ ಮುಂದೇನೇ. ಮಂಗಳವಾರ ಒಂಬತ್ತೂ ಮುಕ್ಕಾಲಿಗೆ ಮೆಟ್ರೋ ಹತ್ರ ಇರಿ. ಒಂಬತ್ತೂ ಐವತ್ತಾದ್ರೆ ನಾನು ಕಾಯಲ್ಲ, ಮನೆಗೇ ಬರ್ತೀನಿ."

ಅವರು ಪರಮಶಿವಯ್ಯ ಕುಳಿತಿದ್ದ ಅದೇ ಸ್ಟೂಲಿನ ಮೇಲೆ ಕುಳಿತು ಫೋನ್ ಮಾಡಿದರು. ವೈದ್ಯರು ಎರಡನೆಯ ಕರೆಗೆ ಎತ್ತಿಕೊಂಡರು.

ಆ ಸಂಜೆ ಶರಣ್ಯಳಿಗೆ ಹೇಳಲು ಕುಳಿತಾಗ ಪೀಠಿಕೆಯೇ ಐದು ನಿಮಿಷವಾಯಿತು. ಅವಳು ನಡುವೆ ತಡೆದಳು.

"ಅಪ್ಪ, ಙ ಮನೇಲಿ ಏನಿದೆ ಅಂತ ಎರಡು ವರ್ಷದಿಂದ ಗೊತ್ತು ನಂಗೆ. ಮಾತ್ರೆ ಎಣಿಸ್ತಾನೂ ಇದ್ದೆ. ಬುಧವಾರದಿಂದ ಖಾಲಿ ಇದೆ. ಕೇಳೋಕೆ ಹೆದರ್ಕೊಂಡು ಕೂತಿದ್ದೆ."

"ಸಂಬಂಧ ತಪ್ಪಿಹೋದ್ರೆ, ಮಗಳೇ?"

"ತಪ್ಪಿದ್ರೆ ನಂಗೆ ಬೇಜಾರಾಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಲ್ಲ. ಆ ಹುಡುಗ ನಂಗೆ ಇಷ್ಟ ಆಗಿದ್ದ" ಎಂದಳು ಶರಣ್ಯ. ಅಷ್ಟು ಹೇಳಿ ಅಳುತ್ತಾ ಎದ್ದುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಎರಡು ತಟ್ಟೆ ಬಡಿಸಿಕೊಂಡು ಬಂದಳು.

ಮುಂದೆ ನಡೆದದ್ದು ಇಷ್ಟು.

೨೦೨೪ರ ನವೆಂಬರ್ ೧೯ರಂದು ವಿಶ್ವಾರಾಧ್ಯರ ಮೂವತ್ತೆರಡನೆಯ ಭೇಟಿ. ಪುಸ್ತಕದಲ್ಲಿ ಓಕಳಿಪುರಂ ಎಂಬುದನ್ನು ಹೊಡೆದುಹಾಕಿ ಚಾಮರಾಜಪೇಟೆ ಎಂದು ಬರೆಸಿದರು. ೨೧ರಂದು ನಾಗಭೂಷಣ್ ಅವರ ಸ್ಮರಣೆ ನಡೆಯಿತು. ಕಾರ್ಡು ಮಹಾನಂದಮ್ಮ ಬರೆದುಕೊಟ್ಟಂತೆಯೇ, ಒಂದಕ್ಷರ ಬದಲಾಗದೆ ಅಚ್ಚಾಗಿತ್ತು. ಅರವತ್ತಮೂರು ಜನ ಬಂದರು. ಅಂಜನಪ್ಪ ಹನ್ನೆರಡೂ ಇಪ್ಪತ್ತಕ್ಕೆ ಬಂದು, ಪ್ರಸಾದ ಮುಗಿಸಿ, ಯಾರೊಡನೆಯೂ ಮಾತಾಡದೆ ಹೋದ.

ನವೆಂಬರ್ ೨೮ರಂದು ಹುಡುಗನಿಗೆ ಈ ವರ್ಷ ಗುರುಬಲವಿಲ್ಲವೆಂದು ಫೋನ್ ಬಂತು. ಡಿಸೆಂಬರ್ ೮ರ ಭಾನುವಾರ ಶರಣ್ಯ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದಳು. ಈ ಬರಹದ ಹೊತ್ತಿಗೆ ಅವಳಿಗೆ ಮದುವೆಯಾಗಿಲ್ಲ.

೨೦೨೫ರ ಜನವರಿ ೫ರಂದು ವಿಶ್ವಾರಾಧ್ಯರು ಮಾನ್ಯಳಿಗೆ ನಾಲ್ಕು ಪುಟದ ಕಾಗದ ಬರೆದರು. ಮಾರ್ಚ್ ೩ರಂದು ಉತ್ತರ ಬಂತು: ‘ಕಾಗದ ತಲುಪಿತು. ಅಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತಿರುವುದು ತಿಳಿಯಿತು. ಹಾಗೆಯೇ ಹೋಗುತ್ತಿರಿ.’ ಕ್ಷಮೆಯ ಮಾತು ಅದರಲ್ಲಿರಲಿಲ್ಲ.

ಕಾಯಿಲೆ ಹೋಗಿಲ್ಲ. ಜುಲೈ ೭ರಿಂದ ೧೭ರವರೆಗೆ ಹನ್ನೊಂದು ದಿನ ಮುದ್ರಣಾಲಯ ಮುಚ್ಚಿತ್ತು; ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರು. ಆ ದಿನಗಳಲ್ಲಿ ಶರಣ್ಯ ಶಾಲೆಗೆ ಹೋದಾಗ ಮನೆಯಲ್ಲಿ ಕುಳಿತಿರುತ್ತಿದ್ದವರು ಮಹಾನಂದಮ್ಮ. ಈಗ ಮಾತ್ರೆಗಳಿರುವುದು ಅಡುಗೆಮನೆಯ ಕಿಟಕಿಯಲ್ಲಿ.

ಸೆಪ್ಟೆಂಬರ್ ೧೫, ಸೋಮವಾರ, ಬಸವನಗುಡಿಯ ಒಂದು ಮನೆಯವರು ಕಾರ್ಡಿಗೆ ಬಂದರು. ಇಪ್ಪತ್ತಾರು ವರ್ಷದ ಮಗ. ‘ಖಿನ್ನತೆಯಿಂದ’ ಎಂದು ಬರೆದುಕೊಟ್ಟು ಹೋದ ತಂದೆ ಮರುದಿನ ಬೆಳಗ್ಗೆ ಬಂದು, ಅದನ್ನು ಹೊಡೆದು ‘ಹೃದಯಾಘಾತದಿಂದ’ ಎಂದು ಬರೆದರು. ಹಾಗೆಯೇ ಅಚ್ಚಾಯಿತು. ವಿಶ್ವಾರಾಧ್ಯರು ಹೊತ್ತು ಕೇಳಲಿಲ್ಲ. ತಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಸಂಜೆ ಅಂಜನಪ್ಪನ ಹೋಟೆಲಿಗೆ ಹೋಗಿ, ಕಾಫಿ ಕುಡಿದು, ಏನನ್ನೂ ಹೇಳದೆ ಮನೆಗೆ ಬಂದರು.